ಪತ್ರ ಹೋಗುತ್ತದೆ, ಬರುವುದಿಲ್ಲ: ಬನಶಂಕರಿಯ ಒಂದು ಬೋರ್ಡಿನ ಮೇಲ್ ಪ್ರಕರಣ

ದೂರು ಒಂದೇ ಸಾಲಿನದು: "ನಾವು ಬರೆದಿದ್ದು ಹೋಗ್ತಿದೆ, ಅವರು ಬರೆದಿದ್ದು ಬರ್ತಿಲ್ಲ."

ಬನಶಂಕರಿ ಎರಡನೇ ಹಂತದಲ್ಲಿ ಹಿರಿಯರೊಬ್ಬರು ಮನೆಯಿಂದಲೇ ಬುಲೆಟಿನ್ ಬೋರ್ಡ್ ನಡೆಸುತ್ತಾರೆ, ಅಂದರೆ ಜನ ತಮ್ಮ ಕಂಪ್ಯೂಟರಿನಿಂದ ಒಳಗೆ ಬಂದು ಪತ್ರ ಓದಿ ಬರೆಯುವ ಜಾಗ. ಟೆಲಿಫೋನ್ ಇಲಾಖೆಯಲ್ಲಿದ್ದು ರಿಟೈರ್ ಆದವರು. ಟಿವಿ ಸ್ಟ್ಯಾಂಡಿನ ಹಿಂದೆ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟಾಣಿ ಕಂಪ್ಯೂಟರ್, ಅದರ ಮೇಲೆ ಮಿಸ್ಟಿಕ್ ಅನ್ನುವ ಬೋರ್ಡ್ ಸಾಫ್ಟ್‌ವೇರ್, ಮೇಲ್ ಸಾಗಿಸಲು ಬಿಂಕ್‌ಡಿ ಅನ್ನುವ ಪ್ರೋಗ್ರಾಂ. ದೂರದ ಯಂತ್ರದ ಜೊತೆ ಬರೀ ಅಕ್ಷರಗಳಲ್ಲಿ ಮಾತಾಡುವ ಟೆಲ್ನೆಟ್‌ನಲ್ಲಿ ಒಳಗೆ ಹೋದರೆ ಬಣ್ಣ ಬಣ್ಣದ ಅಕ್ಷರಗಳ ಹಳೇ ಕಾಲದ ಮೆನು ಬರುತ್ತದೆ. ಬಳಸುವವರು ಬೆರಳೆಣಿಕೆಯಷ್ಟು ಜನ. ಬೋರ್ಡಿನ ಜೀವವೆಲ್ಲ ಹೊರಗಿನ ಬೋರ್ಡುಗಳ ಜೊತೆಗಿನ ಪತ್ರ ವ್ಯವಹಾರದಲ್ಲಿದೆ. ಅದು ನಿಂತರೆ ಮೆನು ನೋಡಿಕೊಂಡು ಕೂರಬೇಕು ಅಷ್ಟೇ.

ಅದು ನಿಂತದ್ದು ಇಂಟರ್ನೆಟ್ ಕನೆಕ್ಷನ್ ಬದಲಾಯಿಸಿದ ಮೇಲೆ. ಮೊದಲಿನ ಕನೆಕ್ಷನ್‌ನಲ್ಲಿ ಕಂಪನಿಯವರೇ ಕೊಟ್ಟ ರೂಟರ್ ಇತ್ತು. ಹೊಸದು ಫೈಬರ್. ಯಜಮಾನರು ಫೈಬರ್ ಡಬ್ಬಿಯನ್ನು ರೂಟರ್ ಕೆಲಸ ಮಾಡದ ಬ್ರಿಜ್ ಮೋಡ್‌ಗೆ ಹಾಕಿಸಿ, ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಚಿಕ್ಕ ಪಿಸಿಯೊಂದನ್ನು ರೂಟರ್ ಮಾಡಿಕೊಂಡಿದ್ದರು. ಅದರ ಫೈರ್‌ವಾಲ್ ನಿಯಮಗಳನ್ನೆಲ್ಲ ಕೈಯಾರೆ ಬರೆದಿದ್ದರು. ಈ ವಿವರ ಮುಂದೆ ಬೇಕಾಗುತ್ತದೆ.

ಬೋರ್ಡುಗಳ ಮಧ್ಯೆ ಈ ಪತ್ರ ಓಡಾಡುವ ಜಾಲದ ಹೆಸರು ಫಿಡೋನೆಟ್. ಅದರ ಹೆಸರು ಕೇಳದವರಿಗೆ ಎರಡು ಮಾತು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಇದನ್ನು ಶುರು ಮಾಡಿದರು. ಅಲ್ಲಿನ ಬೋರ್ಡಿಗೂ ಬಾಲ್ಟಿಮೋರ್‌ನಲ್ಲಿದ್ದ ಜಾನ್ ಮ್ಯಾಡಿಲ್ ಅವರ ಬೋರ್ಡಿಗೂ ಮಧ್ಯೆ ಮೊದಲ ಪತ್ರಗಳು ಓಡಾಡಿದವು. ಫೋನ್ ದರ ಕಡಿಮೆಯಿರುವ ರಾತ್ರಿ ಹೊತ್ತಿನಲ್ಲಿ ಒಂದು ಬೋರ್ಡ್ ಇನ್ನೊಂದಕ್ಕೆ ಮೋಡೆಮ್‌ನಿಂದ ಕರೆ ಮಾಡುವುದು, ಕೂಡಿಟ್ಟ ಪತ್ರ ಕೊಟ್ಟು ತನ್ನದನ್ನು ತೆಗೆದುಕೊಳ್ಳುವುದು. ಪ್ರತಿ ವಲಯಕ್ಕೂ ಒಂದು 'ಮೇಲ್ ಗಂಟೆ' ಗೊತ್ತು ಮಾಡಿದ್ದರು, ಆ ಹೊತ್ತಿನಲ್ಲಿ ಮನುಷ್ಯರು ಲೈನ್ ಹಿಡಿಯುವ ಹಾಗಿರಲಿಲ್ಲ. ಏಷ್ಯಾಕ್ಕೆ ಆರನೇ ವಲಯ ಅಂತ ಬೇರೆಯೇ ಇತ್ತು. 2007ರಲ್ಲಿ ಅದನ್ನು ಮುಚ್ಚಿ ಉಳಿದವರನ್ನು ಆಸ್ಟ್ರೇಲಿಯಾ ಕಡೆಯ ಮೂರನೇ ವಲಯಕ್ಕೆ ಸೇರಿಸಿದರು. ಆ ವಲಯದ ಮೇಲ್ ಗಂಟೆ ನಮ್ಮ ಸಮಯದಲ್ಲಿ ರಾತ್ರಿ 11:30ರಿಂದ 12:30. ಈಗ ಆ ಗಂಟೆಗೆ ಅರ್ಥವೇನೂ ಉಳಿದಿಲ್ಲ. ಮೋಡೆಮ್ ಹೋಗಿದೆ. ಬಿಂಕ್‌ಪಿ ಅನ್ನುವ ಪ್ರೋಟೋಕಾಲ್‌ನಲ್ಲಿ, ಟಿಸಿಪಿ ಪೋರ್ಟ್ 24554ರ ಮೇಲೆ, ಯಾವ ಹೊತ್ತಿಗೆ ಬೇಕಾದರೂ ಪತ್ರ ಓಡಾಡುತ್ತದೆ.

ಪತ್ರದಲ್ಲಿ ಎರಡು ಬಗೆ. ಒಬ್ಬರಿಂದ ಒಬ್ಬರಿಗೆ ಹೋಗುವುದು ನೆಟ್‌ಮೇಲ್. ಎಲ್ಲ ಬೋರ್ಡುಗಳೂ ಹಂಚಿಕೊಳ್ಳುವ ಚರ್ಚೆ ಎಕೋಮೇಲ್. ನೆಟ್‌ಮೇಲ್ ಸಾಮಾನ್ಯವಾಗಿ ಪುಟಾಣಿ ಪ್ಯಾಕೆಟ್ ಫೈಲ್, ಒಂದು ಕೆಬಿಗೂ ಕಡಿಮೆ. ಎಕೋಮೇಲ್ ಮಾತ್ರ ಜಿಪ್ ಮಾಡಿದ ಬಂಡಲ್‌ಗಳಲ್ಲಿ ಬರುತ್ತದೆ. ಎಷ್ಟು ದಿನ ಕೂಡಿಬಿತ್ತೋ ಅಷ್ಟು ದಪ್ಪ. ಈ ಗಾತ್ರದ ವ್ಯತ್ಯಾಸದಲ್ಲೇ ನಮ್ಮ ಪ್ರಕರಣದ ಗುಟ್ಟು ಇತ್ತು.

ಮೊದಲು ಯಾರ ಮೇಲೆ ಅನುಮಾನ

ಯಜಮಾನರ ಬೋರ್ಡಿಗೆ ಮೇಲ್ ಬರುವುದು ಹೊರದೇಶದ ಒಂದು ಹಬ್‌ನಿಂದ, ಅಂದರೆ ಬೇರೆ ಬೋರ್ಡುಗಳ ಪತ್ರ ಕೂಡಿಸಿ ಹಂಚುವ ಬೋರ್ಡಿನಿಂದ. ಅವರ ಅನುಮಾನವೆಲ್ಲ ಅದರ ಮೇಲೇ ಇತ್ತು. "ನಮ್ಮ ಪತ್ರ ಅಲ್ಲಿಗೆ ಹೋಗಿ ಎಲ್ಲರಿಗೂ ಕಾಣ್ತಿದೆ ಅಂದ್ಮೇಲೆ ನಮ್ಮ ಲೈನು ಸರಿಯಿದೆ ಅಂತ ಅಲ್ವೇನಪ್ಪಾ?"

ಕೇಳಿದರೆ ಸರಿ ಅನ್ನಿಸುತ್ತದೆ. ಇನ್ನೂ ವಿಚಿತ್ರ ಅಂದರೆ ಹಬ್ ನಡೆಸುವವರ ನೆಟ್‌ಮೇಲ್ ಕೂಡ ಬರುತ್ತಿತ್ತು. ಅದರಲ್ಲಿ ಬರೆದಿದ್ದು ಇಷ್ಟು: ನಿಮ್ಮ ಬಂಡಲ್‌ಗಳು ನನ್ನ ಹತ್ತಿರ ರಾಶಿ ಬೀಳ್ತಾ ಇವೆ, ನಾನು ಕರೆ ಮಾಡಿದರೆ ನೀವು ಸಿಗ್ತಿಲ್ಲ, ನೀವು ಕರೆ ಮಾಡಿದಾಗ ಅರ್ಧಕ್ಕೆ ನಿಲ್ತಿದೆ. ಪತ್ರ ಬರುತ್ತಿಲ್ಲ ಅನ್ನುವ ದೂರು ಪತ್ರದಲ್ಲೇ ಬಂದಿತ್ತು!

ಆ ನೆಟ್‌ಮೇಲ್‌ನಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಹಬ್‌ನಿಂದ ನಮಗೆ ಕರೆ ತಾಗುತ್ತಿಲ್ಲ ಅನ್ನುವುದು ಒಂದು. ನಾವು ಮಾಡಿದ ಕರೆ ಅರ್ಧಕ್ಕೆ ನಿಲ್ಲುತ್ತಿದೆ ಅನ್ನುವುದು ಇನ್ನೊಂದು. ಇವೆರಡಕ್ಕೂ ಕಾರಣ ಒಂದೇ ಇರಬೇಕು ಅಂತ ಹೊರಟರೆ ಕೆಡುತ್ತದೆ. ನಾನು ನೋಡಿದ ಮಟ್ಟಿಗೆ ಹವ್ಯಾಸಿ ಬೋರ್ಡುಗಳಲ್ಲಿ ಜಾಸ್ತಿ ಸಮಯ ಹಾಳಾಗುವುದೇ ಇಲ್ಲಿ. 'ಮೇಲ್ ಬರ್ತಿಲ್ಲ' ಅನ್ನುವ ಒಂದು ಮಾತಿನ ಕೆಳಗೆ ಕರೆ, ಗುರುತು ಹೇಳಿಕೊಳ್ಳುವುದು, ಫೈಲ್ ಸಾಗಣೆ, ಬಂದದ್ದನ್ನು ಬಿಚ್ಚಿ ಹಂಚುವುದು ಅಂತ ನಾಲ್ಕು ಬೇರೆ ಬೇರೆ ಕೆಲಸಗಳಿರುತ್ತವೆ. ಒಂದೊಂದೂ ತನ್ನದೇ ರೀತಿಯಲ್ಲಿ ಕೆಡುತ್ತದೆ.

ಅದಕ್ಕೇ ಹಬ್‌ನವರಿಗೆ ನೆಟ್‌ಮೇಲ್ ಬರೆದು ಅವರ ಕಡೆಯ ಲಾಗ್ ಕೇಳಿದೆವು. ಚಿಕ್ಕ ಪತ್ರಕ್ಕೆ ಅಡ್ಡಿಯಿಲ್ಲವಲ್ಲ. ಈ ವಿಷಯದಲ್ಲಿ ಯಜಮಾನರಿಗೆ ಹೇಳಿಕೊಡುವುದೇನೂ ಇರಲಿಲ್ಲ. ಫೋನ್ ಕೇಬಲ್ ಫಾಲ್ಟ್ ಹುಡುಕಿ ಹುಡುಕಿ ಪಳಗಿದ ಕೈ. "ಎರಡೂ ತುದಿಯಿಂದ ಟೆಸ್ಟ್ ಮಾಡ್ಬೇಕು. ಒಂದು ತುದಿ ನೋಡಿ ಹೇಳೋದೆಲ್ಲ ಬರೀ ಊಹೆ" ಅಂದರು.

ಹಬ್‌ನ ಕರೆ ಯಾಕೆ ತಾಗಲಿಲ್ಲ

ಸುಲಭವಾದದ್ದನ್ನು ಮೊದಲು ನೋಡಿದೆವು. ಹಬ್‌ನ ಲಾಗ್‌ನಲ್ಲಿ ನಮ್ಮ ಹೆಸರಿನ ಮುಂದೆ ಪ್ರತಿ ಸಲವೂ 'ಕನೆಕ್ಷನ್ ಟೈಮ್ಡ್ ಔಟ್' ಅಂತ ಇತ್ತು. 'ರೆಫ್ಯೂಸ್ಡ್' ಅಂತ ಒಂದು ಕಡೆಯೂ ಇರಲಿಲ್ಲ. ಇದನ್ನು ಗಮನಿಸಬೇಕು. ರೆಫ್ಯೂಸ್ಡ್ ಅಂದರೆ ಕರೆ ಒಂದು ಯಂತ್ರದ ತನಕ ಮುಟ್ಟಿದೆ, ಅಲ್ಲಿ ಆ ಪೋರ್ಟಿನಲ್ಲಿ ಯಾರೂ ಕಾಯುತ್ತಿಲ್ಲ ಅಂತ. ಹಾಗಿದ್ದರೆ ಬಿಂಕ್‌ಡಿ ಓಡುತ್ತಿದೆಯಾ ನೋಡಬೇಕು. ಟೈಮ್ಡ್ ಔಟ್ ಅಂದರೆ ಉತ್ತರವೇ ಇಲ್ಲ. ವಿಳಾಸ ತಪ್ಪಿರಬೇಕು, ಇಲ್ಲವೇ ದಾರಿಯಲ್ಲಿ ಯಾರೋ ಸದ್ದಿಲ್ಲದೆ ಎತ್ತಿ ಬಿಸಾಡುತ್ತಿರಬೇಕು.

ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಬೋರ್ಡಿನ ಹೆಸರಿಗೆ, ಪೋರ್ಟ್ 24554ಕ್ಕೆ ಟೆಲ್ನೆಟ್ ಮಾಡಿದೆವು. ಮನೆಯೊಳಗಿಂದಲೇ ಇದನ್ನು ಮಾಡಿ ಸರಿಯಿದೆ ಅಂದುಕೊಳ್ಳುವವರು ತುಂಬ ಜನ ಇದ್ದಾರೆ, ಅದು ಪರೀಕ್ಷೆಯೇ ಅಲ್ಲ. ಬಿಂಕ್‌ಪಿ ಸರ್ವರ್ ಸಿಕ್ಕಿದ್ದರೆ ನಾವು ಬಾಯಿ ಬಿಡುವ ಮೊದಲೇ ಅದು ಬೋರ್ಡಿನ ಹೆಸರು, ಸಿಸಾಪ್ (ಬೋರ್ಡ್ ನಡೆಸುವವರ) ಹೆಸರು, ಊರು, ಸಾಫ್ಟ್‌ವೇರ್ ಆವೃತ್ತಿ ಎಲ್ಲ ಹೇಳಿಕೊಳ್ಳುತ್ತದೆ. ಮಧ್ಯೆ ಮಧ್ಯೆ ಕಸದ ಅಕ್ಷರ ಇದ್ದರೂ ಕಣ್ಣಿಗೆ ಓದಲು ಆಗುತ್ತದೆ. ನಮಗೆ ಏನೂ ಬರಲಿಲ್ಲ.

ಆಮೇಲೆ ರೂಟರ್ ಪಿಸಿಯಲ್ಲಿ ಕಂಪನಿಯ ಕಡೆಗಿರುವ ಪಿಪಿಪಿ ಇಂಟರ್ಫೇಸ್‌ಗೆ ಯಾವ ವಿಳಾಸ ಸಿಕ್ಕಿದೆ ಅಂತ ನೋಡಿದೆವು. 100.80ರಿಂದ ಶುರುವಾಗುವ ವಿಳಾಸ. ಅಲ್ಲಿಗೆ ವಿಷಯ ಗೊತ್ತಾಯಿತು. 100.64.0.0ರಿಂದ 100.127.255.255ರ ತನಕದ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತಲೇ ಎತ್ತಿಟ್ಟಿದ್ದಾರೆ. ಐಪಿವಿ4 ವಿಳಾಸಗಳು ಸಾಲದ್ದಕ್ಕೆ ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುವ ಏರ್ಪಾಡು. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಬೋರ್ಡಿನ ಹೆಸರಿಗೆ ಆಗಿನ ಐಪಿ ವಿಳಾಸ ಜೋಡಿಸುವ ಯಜಮಾನರ ಡೈನಾಮಿಕ್ ಡಿಎನ್ಎಸ್ ಸ್ಕ್ರಿಪ್ಟು ಹೊರಗಿನ ಯಾವುದೋ ಸೇವೆಯನ್ನು ನನ್ನ ಐಪಿ ಏನು ಅಂತ ಕೇಳಿ, ಬಂದ ಉತ್ತರವನ್ನು ಹೆಸರಿಗೆ ಅಂಟಿಸುತ್ತಿತ್ತು. ಅದು ಕಂಪನಿಯ ವಿಳಾಸ. ಅಲ್ಲಿಗೆ ಬಂದ ಕರೆಯನ್ನು ಈ ಮನೆಗೆ ಕಳಿಸಬೇಕು ಅಂತ ಕಂಪನಿಯ ಯಂತ್ರಕ್ಕೆ ಹೇಳುವವರು ಯಾರು? ಮನೆಯ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಎಷ್ಟು ಸಲ ಮಾಡಿದರೂ ಅಷ್ಟೇ.

ದಾರಿಗಳು ಕೆಲವಿವೆ. ಕಂಪನಿಗೆ ಜಾಸ್ತಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು. ಹೊರಗೆ ಚಿಕ್ಕ ಸರ್ವರ್ ಬಾಡಿಗೆ ಹಿಡಿದು ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಸುರಂಗ ಹಾಕಬಹುದು. ಯಜಮಾನರು ಎರಡಕ್ಕೂ ಒಪ್ಪಲಿಲ್ಲ. "ಮನೇಲಿರೋ ಬೋರ್ಡಿಗೆ ಬಾಡಿಗೆ ಬಾಗಿಲು ಯಾಕಪ್ಪಾ?"

ಮೂರನೆಯ ದಾರಿಗೆ ಖರ್ಚಿಲ್ಲ. ಹಬ್ ನಮ್ಮನ್ನು ಕರೆಯುವುದೇ ಬೇಡ, ನಾವೇ ಕರೆದು ತೆಗೆದುಕೊಂಡರಾಯಿತು. ಬಿಂಕ್‌ಪಿಯಲ್ಲಿ ಕರೆ ಯಾರು ಮಾಡಿದರೂ ಎರಡೂ ಕಡೆಯ ಪತ್ರ ಒಂದೇ ಕರೆಯಲ್ಲಿ ಓಡಾಡುತ್ತದೆ. ಹಬ್‌ನವರಿಗೆ ನಮ್ಮ ಬಂಡಲ್‌ಗಳನ್ನು 'ಹೋಲ್ಡ್' ಅಂತ ಗುರುತು ಹಾಕಲು ಹೇಳಿದೆವು, ಅವರ ಮೇಲರ್ ಸುಮ್ನೆ ಕರೆ ಮಾಡಿ ದಣಿಯುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ನಮ್ಮ ಕಡೆಯಿಂದ ಪೋಲ್, ಅಂದರೆ ಏನಾದರೂ ಇದೆಯಾ ಅಂತ ಕೇಳುವ ಕರೆ. ಜಾಲದ ಎಲ್ಲ ಬೋರ್ಡುಗಳ (ಅಲ್ಲಿ ನೋಡ್ ಅಂತಾರೆ) ಪಟ್ಟಿಯಾದ ನೋಡ್‌ಲಿಸ್ಟಿನಲ್ಲಿ ನಮ್ಮ ಬೋರ್ಡಿನ ಮುಂದೆ 'ಸಿಎಂ' ಅಂತ ಗುರುತು ಇತ್ತು, ಇಪ್ಪತ್ನಾಲ್ಕು ಗಂಟೆಯೂ ಕರೆ ತೆಗೆದುಕೊಳ್ಳುತ್ತೇವೆ ಅಂತ ಅದರರ್ಥ. ಅದನ್ನೂ ಹೋಸ್ಟ್ ಹೆಸರನ್ನೂ ತೆಗೆಸಿ ಪ್ರೈವೇಟ್ ನೋಡ್ ಅಂತ ಬದಲಾಯಿಸಲು ಬರೆದೆವು. ಯಜಮಾನರಿಗೆ ಸ್ವಲ್ಪ ಬೇಜಾರಾಯಿತು. ಆದರೆ ತೆಗೆಯಲಾಗದ ಬಾಗಿಲ ಮೇಲೆ ಸದಾ ತೆರೆದಿದೆ ಅಂತ ಬೋರ್ಡ್ ಹಾಕಿದರೆ ಕರೆ ಮಾಡುವ ಎಲ್ಲರಿಗೂ ಕಾಟ.

ಇಷ್ಟಾದರೂ ಬಂಡಲ್ ಬರಲಿಲ್ಲ.

ಆಫ್‌ಸೆಟ್ ಸೊನ್ನೆ

ನಮ್ಮ ಕಡೆಯ ಲಾಗ್ ಮಟ್ಟ ಹೆಚ್ಚಿಸಿ ಒಂದು ಪೋಲ್ ಪೂರ್ತಿ ಕೂತು ನೋಡಿದೆವು.

ಕರೆ ತಾಗಿತು. ಎರಡೂ ಕಡೆಯವರು ತಮ್ಮ ವಿಳಾಸ ಹೇಳಿಕೊಂಡರು. ಹಬ್ ಕ್ರ್ಯಾಮ್-ಎಂಡಿ5 ಸವಾಲು ಕಳಿಸಿತು. ಪಾಸ್‌ವರ್ಡನ್ನು ಬಯಲಿನಲ್ಲಿ ಕಳಿಸದೆ ಆ ಸವಾಲಿನ ಜೊತೆ ಬೆರೆಸಿ ತಯಾರಿಸಿದ ಉತ್ತರ ಕಳಿಸುವ ಪದ್ಧತಿ ಇದು. ನಮ್ಮ ಉತ್ತರ ಹೋಯಿತು. ಹಬ್‌ನಿಂದ 'ಎಂ-ಓಕೆ' ಬಂತು. ಪಾಸ್‌ವರ್ಡ್ ಬಗ್ಗೆ ಯಜಮಾನರಿಗಿದ್ದ ಅನುಮಾನ ಇಲ್ಲಿಗೆ ಮುಗಿಯಿತು. ಪಾಸ್‌ವರ್ಡ್ ತಪ್ಪಿದ್ದರೆ ಈ ಜಾಗದಲ್ಲೇ 'ಎಂ-ಇಆರ್‌ಆರ್' ಬಂದು ಕರೆ ಕಡಿಯುತ್ತದೆ.

ನಮ್ಮ ಎರಡು ಪ್ಯಾಕೆಟ್‌ಗಳು ಹೋದವು. ಹಬ್ 'ಎಂ-ಗಾಟ್' ಅಂತ ರಸೀದಿ ಕೊಟ್ಟಿತು. ಹಬ್‌ನಿಂದ ಒಂದು ನೆಟ್‌ಮೇಲ್ ಬಂತು, ಏಳು ನೂರು ಚಿಲ್ಲರೆ ಬೈಟ್. ಅದಕ್ಕೆ ನಾವು ರಸೀದಿ ಕೊಟ್ಟೆವು. ಆಮೇಲೆ 'ಎಂ-ಫೈಲ್' ಬಂತು: ಬಂಡಲಿನ ಹೆಸರು, ಗಾತ್ರ ಒಂದು ಲಕ್ಷ ಎಂಬತ್ತು ಸಾವಿರ ಬೈಟಿಗೂ ಮೇಲೆ, ಆಫ್‌ಸೆಟ್ ಸೊನ್ನೆ, ಅಂದರೆ ಫೈಲಿನ ಮೊದಲ ಬೈಟಿನಿಂದಲೇ ಶುರು. ಅಲ್ಲಿಗೆ ಲಾಗ್ ನಿಂತಿತು. ಐದು ನಿಮಿಷ ಏನೂ ಇಲ್ಲ. ಬಿಂಕ್‌ಡಿಯ ಟೈಮ್‌ಔಟ್ ಐದು ನಿಮಿಷಕ್ಕಿತ್ತು. ಅದು ಮುಗಿದ ಮೇಲೆ ಕರೆ ಕಡಿಯಿತು.

ಹಿಂದಿನ ಲಾಗ್‌ಗಳನ್ನೂ ತಿರುವಿ ಹಾಕಿದೆವು. ಎಲ್ಲದರಲ್ಲೂ ಅದೇ ಫೈಲ್, ಅದೇ ಆಫ್‌ಸೆಟ್ ಸೊನ್ನೆ. ಇದೇ ಈ ಪ್ರಕರಣದ ಕೀಲಿ. ಬಿಂಕ್‌ಪಿಯಲ್ಲಿ ಅರ್ಧ ಬಂದ ಫೈಲನ್ನು ಮುಂದಿನ ಸಲ ಅಲ್ಲಿಂದಲೇ ಮುಂದುವರಿಸಲು ಬರುತ್ತದೆ. ಬಂದಷ್ಟು ಭಾಗವನ್ನು ಬಿಂಕ್‌ಡಿ ಇನ್‌ಬೌಂಡ್ ಫೋಲ್ಡರಿನಲ್ಲಿ 'ಡಿಟಿ' ಅನ್ನುವ ಬಾಲದ ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಲೈನ್ ಹದಗೆಟ್ಟು ಆಗಾಗ ಕಡಿಯುತ್ತಿದ್ದರೆ ಆಫ್‌ಸೆಟ್ ಸ್ವಲ್ಪ ಸ್ವಲ್ಪ ಏರಬೇಕಿತ್ತು. ಒಮ್ಮೆ ಹತ್ತು ಸಾವಿರ, ಇನ್ನೊಮ್ಮೆ ನಲವತ್ತು ಸಾವಿರ, ಹೀಗೆ. ನಮ್ಮ ಡಿಟಿ ಫೈಲಿನ ಗಾತ್ರ ಸೊನ್ನೆ. ಅಂದರೆ ಮೊದಲ ಬೈಟೂ ಬಂದಿಲ್ಲ. ಅದಕ್ಕಿಂತ ಹಿಂದಿನ ಕ್ಷಣದ ತನಕ ಮಾತುಕತೆಯೆಲ್ಲ ಚೆನ್ನಾಗಿಯೇ ನಡೆದಿದೆ.

ಏಳು ನೂರು ಬೈಟ್ ಬರುತ್ತದೆ, ಬಂಡಲಿನ ಒಂದು ಬೈಟೂ ಬರಲ್ಲ. ಹೀಗೆ ಕಂಡರೆ ಕಾನ್ಫಿಗರೇಶನ್ ಫೈಲ್ ಮುಟ್ಟಬೇಡಿ, ಎಂಟಿಯು ನೋಡಿ, ಅಂದರೆ ಲೈನಿನಲ್ಲಿ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಇಲ್ಲಿಂದ ಮುಂದೆ ಪ್ಯಾಕೆಟ್ ಅಂದರೆ ಪತ್ರದ ಫೈಲ್ ಅಲ್ಲ, ಇಂಟರ್ನೆಟ್‌ನಲ್ಲಿ ಓಡುವ ಡೇಟಾ ತುಂಡು.

ಮಾಮೂಲಿ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ 1500 ಬೈಟ್. ನಮ್ಮಲ್ಲಿ ಎಷ್ಟೋ ಫೈಬರ್ ಕನೆಕ್ಷನ್‌ಗಳು ಯೂಸರ್ ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಮೂಲಕ ಬರುತ್ತವೆ. ಅದು ಪ್ರತಿ ಪ್ಯಾಕೆಟಿಗೂ 8 ಬೈಟಿನ ತಲೆಪಟ್ಟಿ ಕಟ್ಟುತ್ತದೆ. ಉಳಿಯುವುದು 1492. ಎಂಟೇ ಬೈಟ್ ಅಂತ ಅಸಡ್ಡೆ ಮಾಡುವ ಹಾಗಿಲ್ಲ. ಬೆಂಗಳೂರಿನ ರೈಲ್ವೆ ಕೆಳಸೇತುವೆಗಳನ್ನು ನೆನೆಸಿಕೊಳ್ಳಿ. ಬೈಕು, ಆಟೋ, ಕಾರು ಎಲ್ಲ ಸರಾಗವಾಗಿ ನುಗ್ಗುತ್ತವೆ. ಒಂದು ಎತ್ತರದ ಲಾರಿ ಬಂದಾಗ ಮಾತ್ರ ಸೇತುವೆ ತಗ್ಗು ಅನ್ನುವುದು ಗೊತ್ತಾಗುತ್ತದೆ. ನೆಟ್‌ಮೇಲ್, ಪಾಸ್‌ವರ್ಡ್, ರಸೀದಿ ಎಲ್ಲ ಬೈಕುಗಳು. ಬಂಡಲಿನ ಮೊದಲ ತುಂಡೇ ಲಾರಿ.

ದೊಡ್ಡ ಪ್ಯಾಕೆಟ್ ಬಂದಾಗ ತಡೆದ ರೂಟರು ಸುಮ್ಮನಿರಬಾರದು. ಇದು ದೊಡ್ಡದಾಯಿತು, 1492ಕ್ಕೆ ಇಳಿಸಿ ಅಂತ ಕಳಿಸಿದವರಿಗೆ ಐಸಿಎಂಪಿ ಸುದ್ದಿ ಮುಟ್ಟಿಸಬೇಕು. ಆ ಸುದ್ದಿಯನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ನುಂಗಿದರೆ ಕಥೆ ಮುಗಿಯಿತು. ಐಸಿಎಂಪಿ ಅಪಾಯ ಅಂತ ಎಲ್ಲವನ್ನೂ ಮುಚ್ಚುವ ಕೆಟ್ಟ ಅಭ್ಯಾಸ ಇನ್ನೂ ಹೋಗಿಲ್ಲ. ಕಳಿಸಿದವರಿಗೆ ವಿಷಯ ಗೊತ್ತಾಗದೆ ಅದೇ ಗಾತ್ರದ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಮತ್ತೆ ಮತ್ತೆ ಅದು ಬೀಳುತ್ತದೆ.

ನಮ್ಮಿಂದ ಹೋಗುವುದು ಯಾಕೆ ಕೆಡಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಹೋಗುವ ದೊಡ್ಡ ಪ್ಯಾಕೆಟನ್ನು ತಡೆಯುವುದು ಮನೆಯೊಳಗಿನ ರೂಟರ್ ಪಿಸಿಯೇ. ಅದರ ಐಸಿಎಂಪಿ ಸುದ್ದಿ ಒಂದೂವರೆ ಮೀಟರ್ ಕೇಬಲ್ ದಾಟಿ ಪೈಗೆ ಮುಟ್ಟುತ್ತದೆ, ಪೈ ತಾನೇ ಗಾತ್ರ ಇಳಿಸುತ್ತದೆ. ಬರುವ ಪ್ಯಾಕೆಟನ್ನು ತಡೆಯುವುದು ಕಂಪನಿಯ ಕಡೆಯ ಯಂತ್ರ. ಅದರ ಸುದ್ದಿ ಸಮುದ್ರ ದಾಟಿ ಹಬ್‌ಗೆ ಮುಟ್ಟಬೇಕು. 'ನಮ್ಮದು ಹೋಗ್ತಿದೆ, ಹಾಗಾಗಿ ನಮ್ಮ ಲೈನು ಸರಿಯಿದೆ' ಅನ್ನುವ ವಾದ ಕೆಡುವುದು ಇಲ್ಲಿ. ಹೋಗುವ ದಿಕ್ಕು, ಬರುವ ದಿಕ್ಕು ಎರಡನ್ನೂ ಬೇರೆ ಬೇರೆ ಲೈನ್ ಅಂತಲೇ ಎಣಿಸಬೇಕು.

ಊಹೆ ಸರಿಯಾ ಅಂತ ನೋಡಲು ಪೈನಿಂದ ಪಿಂಗ್ ಮಾಡಿದೆವು, ಪ್ಯಾಕೆಟನ್ನು ತುಂಡು ಮಾಡಬಾರದು ಅನ್ನುವ ಗುರುತು ಹಾಕಿ. 1472 ಬೈಟ್ ಕೊಟ್ಟರೆ ಹೋಗಲಿಲ್ಲ. 1464 ಕೊಟ್ಟರೆ ಹೋಯಿತು. ಪಿಂಗ್‌ನ ತಲೆಪಟ್ಟಿ 28 ಬೈಟ್, ಕೂಡಿಸಿದರೆ ಸರಿಯಾಗಿ 1492. ಆಮೇಲೆ ಹೋಗಿ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಪೋಲ್ ಮಾಡಿದೆವು. ಕರೆಯ ಮೊದಲ ಪ್ಯಾಕೆಟಿನಲ್ಲಿ ಪೈ ತನ್ನ ಎಂಎಸ್‌ಎಸ್ 1460 ಅಂತ ಹೇಳುತ್ತಿತ್ತು. ಒಂದು ತುಂಡಿನಲ್ಲಿ ಇಷ್ಟು ಕಳಿಸಿ, ನಾನು ತೆಗೆದುಕೊಳ್ಳಬಲ್ಲೆ ಅನ್ನುವ ಮಾತದು. 1460ಕ್ಕೆ ಟಿಸಿಪಿ, ಐಪಿ ತಲೆಪಟ್ಟಿಗಳ 40 ಸೇರಿಸಿದರೆ 1500. ಸೇತುವೆ ತಗ್ಗಿದೆ ಅಂತ ಪೈಗೆ ಗೊತ್ತಿಲ್ಲ, ಪಾಪ. ಬಂಡಲ್ ಶುರುವಾದಾಗ ಕಂಡದ್ದು ಇನ್ನೂ ಚೆನ್ನಾಗಿತ್ತು. ಮೊದಲ ಎರಡು ತುಂಡು ಇಲ್ಲವೇ ಇಲ್ಲ, ಅವುಗಳ ಹಿಂದಿನ ಚಿಕ್ಕ ಬಾಲದ ತುಂಡು ಮಾತ್ರ ಬಂದು ಕೂತಿದೆ. ಪೈ ಮುಂದಿನದು ಎಲ್ಲಿ ಅಂತ ಕೇಳುತ್ತಲೇ ಇದೆ. ಯಜಮಾನರು ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಗ್ಗಿ ಆ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. "ಓಹೋ, ಬಾಲ ಬಂದಿದೆ, ದೇಹ ಬಂದಿಲ್ಲ" ಅಂದರು.

ಮೊದಲು ಪೈಯ ಎಂಟಿಯುವನ್ನೇ ತಾತ್ಕಾಲಿಕವಾಗಿ 1492ಕ್ಕೆ ಇಳಿಸಿದೆವು. ಒಂದೇ ಕಮಾಂಡ್. ಪೋಲ್ ಮಾಡಿದ ತಕ್ಷಣ ಬಂಡಲ್ ಸರಸರ ಇಳಿಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಹಬ್‌ನಲ್ಲಿ ಕೂಡಿಬಿದ್ದಿದ್ದೆಲ್ಲ ಬಂತು.

ಪೈ ಮೇಲೆ ಹಾಕಿದ್ದು ಬರೀ ಪರೀಕ್ಷೆಗೆ. ಸರಿಯಾದ ಜಾಗ ರೂಟರು. ಕಂಪನಿಯವರು ಕೊಡುವ ರೂಟರುಗಳು ಸಾಮಾನ್ಯವಾಗಿ ಹಾದುಹೋಗುವ ಪ್ರತಿ ಕರೆಯ ಎಂಎಸ್‌ಎಸ್ ಅಂಕಿಯನ್ನು ಕೇಳದೇ ತಿದ್ದಿ 1452 ಮಾಡಿಬಿಡುತ್ತವೆ. ಇದಕ್ಕೆ ಎಂಎಸ್‌ಎಸ್ ಕ್ಲಾಂಪ್ ಅಂತಾರೆ. ಹಳೇ ಕನೆಕ್ಷನ್‌ನಲ್ಲಿ ತೊಂದರೆ ಕಾಣದೇ ಇದ್ದದ್ದು ಅದರ ಪುಣ್ಯದಿಂದ. ಕೈಯಾರೆ ಬರೆದ ಫೈರ್‌ವಾಲ್‌ನಲ್ಲಿ ಆ ಒಂದು ಸಾಲು ಇರಲಿಲ್ಲ. ಸೇರಿಸಿ, ಪೈಯ ಎಂಟಿಯುವನ್ನು ವಾಪಸ್ 1500ಕ್ಕೆ ಏರಿಸಿ ಮತ್ತೆ ಪೋಲ್ ಮಾಡಿದೆವು. ರೂಟರಿನಿಂದ ಹೊರಗೆ ಹೋಗುವ ಮೊದಲ ಪ್ಯಾಕೆಟಿನಲ್ಲಿ 1452 ಕಾಣಿಸಿತು.

ಮನೆಯಲ್ಲಿ ಬೇರೆ ಯಾರಿಗೂ ಈ ತೊಂದರೆ ಯಾಕೆ ಗೊತ್ತಾಗಲಿಲ್ಲ ಅಂತ ಯಜಮಾನರ ಮಗಳು ಕೇಳಿದರು. ಒಳ್ಳೆ ಪ್ರಶ್ನೆ. ದೊಡ್ಡ ಜಾಲತಾಣಗಳು, ವಿಡಿಯೋ ಸೇವೆಗಳು ಇಂಥ ತಗ್ಗು ಸೇತುವೆಗಳನ್ನು ಲೆಕ್ಕ ಹಾಕಿಯೇ ಪ್ಯಾಕೆಟ್ ಗಾತ್ರ ಇಟ್ಟುಕೊಂಡಿರುತ್ತವೆ, ಇಲ್ಲವೇ ತಾವೇ ಗಾತ್ರ ಇಳಿಸಿ ನೋಡುತ್ತವೆ. ಹವ್ಯಾಸಿಯೊಬ್ಬರು ನಡೆಸುವ ಹಬ್‌ನಲ್ಲಿ ಅಷ್ಟೆಲ್ಲ ಇರುವುದಿಲ್ಲ. ಅವರನ್ನು ದೂರುವುದೂ ಸರಿಯಲ್ಲ. ತಗ್ಗು ಸೇತುವೆ ಇರುವುದು ನಮ್ಮ ಕಡೆ.

ರಾಶಿ ಬಂದ ಮೇಲೆ

ಬಂಡಲ್‌ಗಳನ್ನು ಟಾಸರ್ ಅನ್ನುವ ಪ್ರೋಗ್ರಾಂ ಬಿಚ್ಚಿ ಹಂಚಿತು. ಒಂದಷ್ಟು ಪತ್ರಗಳು ಎರಡೆರಡು ಸಲ ಬಂದಿದ್ದವು. ಹಬ್‌ನವರು ಸಹಾಯ ಮಾಡಲು ಹೋಗಿ ಕೆಲವು ಎಕೋಗಳನ್ನು ಮತ್ತೊಮ್ಮೆ ಪೂರ್ತಿ ಕಳಿಸಿದ್ದರು. ಪ್ರತಿ ಪತ್ರದ ತಲೆಯಲ್ಲಿ ಎಂಎಸ್‌ಜಿ-ಐಡಿ ಅನ್ನುವ ಗುರುತಿನ ಸಾಲು ಇರುವುದರಿಂದ ಟಾಸರ್ ಜೋಡಿ ಪತ್ರಗಳನ್ನು ತಾನೇ ಪಕ್ಕಕ್ಕೆ ತಳ್ಳಿತು.

ಮುಗಿಯಿತು ಅಂದುಕೊಂಡ ಮೇಲೆ ಒಂದು ಸಂಜೆ ಮಳೆ ಜೋರಾಗಿ ಬಂತು. ಕರೆಂಟ್ ಹೋಯಿತು. ಮಾರನೇ ದಿನ ಯಜಮಾನರ ಫೋನ್: "ಮತ್ತೆ ನಿಂತಿದೆ ಕಣಪ್ಪಾ. ಅದೇ ಎಂಟಿಯು ಇರ್ಬೇಕು. ಕರೆಂಟ್ ಹೋದಾಗ ರೂಟರಿನ ಆ ಸಾಲು ಹಾರಿಹೋಯ್ತೇನೋ."

ಅನುಮಾನ ಪಡುವಂಥದ್ದೇ. ಆದರೆ ಲಾಗ್ ಬೇರೆ ಹೇಳುತ್ತಿತ್ತು. ಎಂಟಿಯು ಕೆಟ್ಟಾಗ ಕರೆ ತಾಗಿ, ಮಾತುಕತೆ ಆಗಿ, ಬಂಡಲಿನ ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ಈಗ ಕರೆ ಹೋದ ಗುರುತೇ ಇಲ್ಲ. ಅರ್ಧ ಗಂಟೆಗೊಮ್ಮೆ ಪೋಲ್ ಎದ್ದು, ಹಬ್ ಕಡೆ ತಿರುಗಿಯೂ ನೋಡದೆ ಮಲಗುತ್ತಿದೆ. ರೂಟರಿನ ಸಾಲು ಇದ್ದಲ್ಲೇ ಇತ್ತು.

ಔಟ್‌ಬೌಂಡ್ ಫೋಲ್ಡರ್ ತೆರೆದು ನೋಡಿದೆವು. ಬಿಂಕ್‌ಡಿ ಬಳಸುವ ಪದ್ಧತಿಯಲ್ಲಿ ಪ್ರತಿ ನೋಡಿಗೂ ಎಂಟು ಅಂಕಿಯ ಹೆಸರು. ಮೊದಲ ನಾಲ್ಕು ನೆಟ್ ಸಂಖ್ಯೆ, ಮುಂದಿನ ನಾಲ್ಕು ನೋಡ್ ಸಂಖ್ಯೆ, ಎರಡೂ ಹದಿನಾರರ ಎಣಿಕೆಯಲ್ಲಿ. ಉದಾಹರಣೆಗೆ 3:5000/25 (ವಲಯ, ನೆಟ್, ನೋಡ್) ಅನ್ನುವ ವಿಳಾಸ ಇದ್ದರೆ 5000 ಹೋಗಿ 1388 ಆಗುತ್ತದೆ, 25 ಹೋಗಿ 0019 ಆಗುತ್ತದೆ. ಫೈಲಿನ ಹೆಸರು 13880019. ಅದರ ಬಾಲ ನೋಡಿ ವಿಷಯ ತಿಳಿಯಬೇಕು. 'ಎಫ್‌ಎಲ್‌ಒ' ಇದ್ದರೆ ಕಳಿಸಬೇಕಾದ ಫೈಲ್‌ಗಳ ಪಟ್ಟಿ, 'ಸಿಎಲ್‌ಒ' ಇದ್ದರೆ ತುರ್ತು ಪಟ್ಟಿ, 'ಎಚ್‌ಎಲ್‌ಒ' ಇದ್ದರೆ ಅವರೇ ಬಂದು ತೆಗೆದುಕೊಳ್ಳುವ ತನಕ ಕಾಯಬೇಕಾದದ್ದು.

ಹಬ್‌ನ ಅಂಕಿಗಳ ಹೆಸರಿನಲ್ಲಿ 'ಬಿಎಸ್‌ವೈ' ಬಾಲದ ಒಂದು ಫೈಲ್ ಕೂತಿತ್ತು. ಈ ನೋಡಿನ ಪಟ್ಟಿಯ ಮೇಲೆ ಸದ್ಯಕ್ಕೆ ನಾನು ಕೆಲಸ ಮಾಡ್ತಿದ್ದೇನೆ, ಬೇರೆ ಯಾರೂ ಮುಟ್ಟಬೇಡಿ ಅಂತ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಹಾಕುವ ಅಗುಳಿ ಅದು. ಫೈಲಿನ ಸಮಯ ನೋಡಿದರೆ ಕರೆಂಟ್ ಹೋದ ಹೊತ್ತು. ಟಾಸರ್ ಪಟ್ಟಿ ಬರೆಯಲು ಅಗುಳಿ ಹಾಕಿದೆ, ಅಷ್ಟರಲ್ಲಿ ಪೈ ಆರಿದೆ. ಅಗುಳಿ ತೆಗೆಯಲು ಟಾಸರ್ ಬದುಕಿಲ್ಲ. ಬಿಂಕ್‌ಡಿ ಪಾಪ ಮರ್ಯಾದೆಯಿಂದ ಬಾಗಿಲ ಹೊರಗೆ ಕಾಯುತ್ತಲೇ ಇದೆ.

ಫೈಲ್ ಅಳಿಸಿದೆವು, ಪೋಲ್ ಹೋಯಿತು. ಬಿಂಕ್‌ಡಿಯಲ್ಲಿ ಹಳೇ ಬಿಎಸ್‌ವೈ ಫೈಲ್‌ಗಳನ್ನು ತಾನೇ ಕಿತ್ತುಹಾಕುವ ಒಂದು ಸೆಟ್ಟಿಂಗ್ ಇದೆ, ಇಷ್ಟು ಗಂಟೆಗಿಂತ ಹಳೆಯದಾದರೆ ಅಂತ. ಅದರ ಮುಂದೆ ಕಾಮೆಂಟ್ ಗುರುತು ಇತ್ತು, ತೆಗೆದು 12 ಗಂಟೆ ಅಂತ ಕೊಟ್ಟೆವು. ಅದಕ್ಕಿಂತ ಒಳ್ಳೆಯದು ಪೈ ಎದ್ದ ಕೂಡಲೇ, ಬಿಂಕ್‌ಡಿಯೂ ಟಾಸರೂ ಶುರುವಾಗುವ ಮೊದಲು, ಎಲ್ಲ ಬಿಎಸ್‌ವೈ ಫೈಲ್‌ಗಳನ್ನು ಅಳಿಸುವ ಎರಡು ಸಾಲಿನ ಸ್ಕ್ರಿಪ್ಟ್. ಆ ಹೊತ್ತಿನಲ್ಲಿ ಯಾರೂ ಕೆಲಸ ಮಾಡುತ್ತಿರುವುದಿಲ್ಲ, ಹಾಗಾಗಿ ಅಲ್ಲಿ ಸಿಗುವ ಅಗುಳಿಯೆಲ್ಲ ಸತ್ತವರದ್ದೇ. ರೂಟರಿಗೆ ಇದ್ದ ಚಿಕ್ಕ ಯುಪಿಎಸ್‌ಗೆ ಪೈಯನ್ನೂ ಸೇರಿಸಿದರು.

ಒಳಬರುವ ಕರೆಯ ವಿಷಯವನ್ನು ಯಜಮಾನರು ಇನ್ನೂ ಬಿಟ್ಟಿಲ್ಲ. ಹೊಸ ಕಂಪನಿ ಐಪಿವಿ4ರಲ್ಲಿ ಸಿಜಿನ್ಯಾಟ್ ಹಾಕಿದ್ದರೂ ಐಪಿವಿ6 ವಿಳಾಸಗಳನ್ನು ಮನೆಗೇ ನೇರ ಕೊಡುತ್ತದೆ. ಅದರಲ್ಲಿ ಮಧ್ಯೆ ಯಾರ ಹಿಂದೆಯೂ ಕೂರಬೇಕಿಲ್ಲ. ಬಿಂಕ್‌ಡಿಗೂ ಐಪಿವಿ6 ಬರುತ್ತದೆ. ಪೈಗೆ ಒಂದು ಕಾಯಂ ವಿಳಾಸ ಕೊಟ್ಟು, ಅದಕ್ಕೆ ಮಾತ್ರ 24554 ತೆರೆದು, ಕ್ಲಾಂಪ್ ನಿಯಮವನ್ನು ಐಪಿವಿ6ಕ್ಕೂ ಹಾಕಿದ್ದಾರೆ. ಅಲ್ಲಿ ತಲೆಪಟ್ಟಿ 20 ಬೈಟ್ ಜಾಸ್ತಿ, ಹಾಗಾಗಿ ಅಂಕಿ 1432. ಐಪಿವಿ6ರಲ್ಲಿ ದಾರಿಯ ರೂಟರುಗಳು ಪ್ಯಾಕೆಟ್ ತುಂಡು ಮಾಡುವುದೇ ಇಲ್ಲ, ಐಸಿಎಂಪಿಯನ್ನು ಮುಚ್ಚಿದರೆ ಅಲ್ಲಿ ಇನ್ನೂ ಕಷ್ಟ. ಮೊಬೈಲ್ ಡೇಟಾದಿಂದ ಟೆಲ್ನೆಟ್ ಮಾಡಿದರೆ ಬೋರ್ಡಿನ ಹೆಸರು, ಊರು, ಆವೃತ್ತಿ ಎಲ್ಲ ಬರುತ್ತಿದೆ.

ಹಬ್ ಕೂತಿರುವ ಸರ್ವರಿಗೆ ಐಪಿವಿ6 ಇನ್ನೂ ಸಿಕ್ಕಿಲ್ಲ. ಸಿಕ್ಕಿದ ಮೇಲೆ ನೋಡ್‌ಲಿಸ್ಟಿನ ಗುರುತನ್ನು ಮತ್ತೆ ಬದಲಾಯಿಸಲು ಬರೆಯುವುದು ಅಂತಾಗಿದೆ. ಅಲ್ಲಿಯ ತನಕ ಅರ್ಧ ಗಂಟೆಗೊಮ್ಮೆ ಇಲ್ಲಿಂದಲೇ ಪೋಲ್.